ಮಾತ್ರೆಯೋ, ಸ್ಪ್ರೇಯೋ, ಇಂಜೆಕ್ಷನ್ನೋ: ಹುಲ್ಲು, ಕಳೆಯ ಪರಾಗಕ್ಕೆ ಸೀನುವವರು ಯಾವುದನ್ನು ಆರಿಸಬೇಕು?

ನಮ್ಮ ಮನೆಯ ಪಕ್ಕದ ಸೈಟು ಹನ್ನೊಂದು ವರ್ಷದಿಂದ ಖಾಲಿ. ಯಜಮಾನರು ಬೆಂಗಳೂರಿನಲ್ಲಿದ್ದಾರಂತೆ, ನಾವು ಯಾರೂ ಕಂಡಿಲ್ಲ. ಜೂನ್‌ನಲ್ಲಿ ಎರಡು ಹದ ಮಳೆ ಬಿದ್ದರೆ ಸಾಕು, ಮೂವತ್ತು ನಲವತ್ತರ ಆ ಜಾಗದ ತುಂಬ ಕಾಂಗ್ರೆಸ್ ಗಿಡ ಎದೆಮಟ್ಟ ಎದ್ದು ನಿಲ್ಲುತ್ತದೆ. ಕಾಂಪೌಂಡಿನ ಬುಡದಲ್ಲಿ ಗರಿಕೆ, ಜೇಕು. ಒಂದು ಬೆಳಿಗ್ಗೆ ಕುತೂಹಲಕ್ಕೆ ಆ ಗಿಡದ ಹೂಗೊಂಚಲನ್ನು ಮೊಬೈಲಿನ ಕಪ್ಪು ಗಾಜಿನ ಮೇಲೆ ಮೆಲ್ಲಗೆ ತಟ್ಟಿದೆ. ಅಕ್ಕಿಹಿಟ್ಟು ಜರಡಿ ಹಿಡಿದ ಹಾಗೆ ತೆಳ್ಳಗೆ ಬಿಳಿ ಪುಡಿ ಕೂತಿತು. ಊದಿ ತೆಗೆಯೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಮೊದಲ ಸೀನು. ಆಮೇಲೆ ಒಟ್ಟು ಹದಿನಾಲ್ಕು. ಹೆಂಡತಿ ಅಡುಗೆಮನೆಯಿಂದಲೇ ಎಣಿಸಿದ್ದಳು.

ಅದಕ್ಕೂ ಮುಂಚೆ ಆರೇಳು ವರ್ಷ ನಾನು ಬೈದದ್ದು ಚಾಕ್‌ಪೀಸನ್ನು. ಮೇಷ್ಟ್ರ ಕೆಲಸ, ಬೋರ್ಡ್ ಒರೆಸಿದರೆ ಮೂಗು ಉರಿಯುತ್ತಿತ್ತು. ಆದರೆ ಚಾಕ್ ಪುಡಿ ಬೇಸಿಗೆ ರಜೆ ಮುಗಿದ ಮೇಲೆ ಮಾರ್ಚ್‌ವರೆಗೂ ಇರುತ್ತದೆ, ನನ್ನ ಸೀನು ಮಾತ್ರ ಜುಲೈಯಿಂದ ಅಕ್ಟೋಬರ್‌ವರೆಗೆ. ಈ ಲೆಕ್ಕ ಹಾಕುವ ಬುದ್ಧಿ ಬರುವುದಕ್ಕೆ ಅಷ್ಟು ವರ್ಷ ಬೇಕಾಯಿತು.

ನಾನು ವೈದ್ಯನಲ್ಲ. ಹನ್ನೆರಡು ವರ್ಷದ ರೋಗಿ, ಕೇಳಿ ಓದಿ ತಿಳಿದುಕೊಂಡವನು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ನಮ್ಮಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಮೂಗಿಗೆ ಹೊಡೆಯುವ ಸ್ಪ್ರೇ, ಹೆಚ್ಚಿನವರು ನುಂಗುತ್ತಿರುವುದು ಮಾತ್ರೆ. ಯಾಕೆ ಹೀಗೆ, ಯಾರಿಗೆ ಮಾತ್ರೆಯೇ ಸಾಕು, ಯಾರು ಇವೆರಡನ್ನೂ ದಾಟಿ ಮುಂದೆ ಹೋಗಬೇಕು ಅನ್ನುವುದೇ ಈ ಬರಹ.

ಮೊದಲು, ಇದು ಪರಾಗದ ಕೆಲಸವೇ?

ನೆಗಡಿಯಾದರೆ ಮೈಕೈ ನೋವು ಇರುತ್ತದೆ, ಒಮ್ಮೊಮ್ಮೆ ಜ್ವರ, ಸಿಂಬಳ ಗಟ್ಟಿಯಾಗುತ್ತದೆ, ವಾರ ಹತ್ತು ದಿನದಲ್ಲಿ ಹೋಗುತ್ತದೆ. ಅಲರ್ಜಿಯ ಗುರುತು ಕೆರೆತ. ಮೂಗಿನೊಳಗೆ, ಅಂಗುಳಲ್ಲಿ, ಕಣ್ಣಿನ ಮೂಲೆಯಲ್ಲಿ, ಕೆಲವರಿಗೆ ಕಿವಿಯ ಒಳಗೂ. ನಾಲಿಗೆಯಿಂದ ಅಂಗುಳನ್ನು 'ಟಕ್ ಟಕ್' ಎಂದು ಉಜ್ಜುವವರನ್ನು ಕಂಡರೆ ನನ್ನ ಜಾತಿಯವರೇ ಎಂದು ತಿಳಿದುಕೊಳ್ಳುತ್ತೇನೆ. ಮೂಗಿನಿಂದ ಸೋರುವುದು ನೀರು; ಸೀನು ಒಂದೆರಡಲ್ಲ, ಸರಮಾಲೆ.

ಅಲರ್ಜಿ ಎಂದು ಗೊತ್ತಾದ ಮೇಲೂ ಇನ್ನೊಬ್ಬ ಅನುಮಾನಿತ ಇದ್ದಾನೆ: ಹಾಸಿಗೆ, ದಿಂಬಿನಲ್ಲಿರುವ ದೂಳಿನ ನುಸಿ. ನಮ್ಮ ದೇಶದಲ್ಲಿ ಪರಾಗಕ್ಕಿಂತ ಇದರ ಕಾಟ ಉಂಟಾದವರೂ ಬಹಳ. ನುಸಿಯಾದರೆ ವರ್ಷವಿಡೀ ಕಾಟ. ಕಸ ಗುಡಿಸಿದಾಗ, ಹಳೇ ಕಂಬಳಿ ಕೊಡವಿದಾಗ ಜಾಸ್ತಿ. ಪರಾಗವಾದರೆ ಅದಕ್ಕೊಂದು ಕಾಲವಿದೆ. ಹೊರಗೆ ಹೋದರೆ ಹೆಚ್ಚು, ಜಡಿಮಳೆ ಹಿಡಿದ ದಿನ ಕಡಿಮೆ, ಮಳೆ ಬಿಟ್ಟು ಬಿಸಿಲು ಬಂದು ಗಾಳಿ ಎದ್ದರೆ ಮತ್ತೆ ಶುರು. ಎರಡೂ ಇರುವ ಪುಣ್ಯಾತ್ಮರೂ ಇದ್ದಾರೆ.

ಇನ್ನು ಪರಾಗದಲ್ಲೂ ಯಾವುದು? ಜನ ಸಾಮಾನ್ಯವಾಗಿ ಬೈಯುವುದು ಕಣ್ಣಿಗೆ ಕಾಣುವ ಹೂವನ್ನು: ಗುಲ್‌ಮೊಹರ್, ದಾಸವಾಳ. ಬಣ್ಣದ ಹೂವಿನ ಪರಾಗ ಅಂಟಂಟು, ಅದು ಹುಳುವಿನ ಕಾಲಿಗೆ ಅಂಟಿ ಹೋಗಲೆಂದೇ ಇರುವುದು. ನಮ್ಮ ಮೂಗಿಗೆ ಬರುವುದು ಗಾಳಿಯನ್ನು ನಂಬಿ ಬದುಕುವ ಗಿಡದ್ದು: ಗರಿಕೆ, ಜೇಕು, ಹರಿವೆಯ ಕಾಡು ಜಾತಿಗಳು, ಸಜ್ಜೆ, ಮೆಕ್ಕೆಜೋಳದ ಸೂಲಂಗಿ. ಗಣೇಶನಿಗೆ ಏರಿಸುವ ಗರಿಕೆಯ ಎಳೆ ಕುಡಿ ಏನೂ ಮಾಡುವುದಿಲ್ಲ. ಅದೇ ಗರಿಕೆ ಕೊಯ್ಯದೆ ಬಿಟ್ಟರೆ ತುದಿಯಲ್ಲಿ ನಾಲ್ಕೈದು ಬೆರಳು ಹರಡಿದ ಹಾಗೆ ತೆನೆ ಬರುತ್ತದಲ್ಲ, ಹತ್ತಿರದಿಂದ ನೋಡಿದರೆ ಅದರಲ್ಲಿ ಸಣ್ಣ ಸಣ್ಣ ಚೀಲ ನೇತಾಡುತ್ತವೆ. ಮುಂಜಾನೆ ಅವು ಬಿರಿಯುತ್ತವೆ.

ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಈ ಗುಂಪಿನಲ್ಲಿ ನಮ್ಮ ನಾಡಿನ ವಿಶೇಷ ಕೊಡುಗೆ ಎನ್ನಬಹುದು, ಹುಟ್ಟಿದ್ದು ಇಲ್ಲಲ್ಲದಿದ್ದರೂ. ಅದರ ತೌರು ಮೆಕ್ಸಿಕೊ ಕಡೆ. 1950ರ ದಶಕದ ನಡುವೆ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿತ್ತು. ಅಮೆರಿಕದಿಂದ ತರಿಸಿದ ಗೋಧಿಯ ಜೊತೆ ಬಂತು ಎಂಬ ಮಾತಿದೆ. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಹಾನಿಕಾರಕ ಕಳೆ ಎಂದು ಕಾನೂನಿನ ಮೂಲಕವೇ ಸಾರಿತು. 1984ರಲ್ಲಿ ಬೆಂಗಳೂರಿನಲ್ಲಿ ಇದರ ಎಲೆ ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು ಬಿಡಲಾಯಿತು. ಜೀರುಂಡೆ ಈಗಲೂ ಇದೆ; ನಮ್ಮ ಪಕ್ಕದ ಸೈಟಿಗೂ ಬರುತ್ತದೆ, ಬೆನ್ನ ಮೇಲೆ ಕಂದು ಗೆರೆಯ ಪುಟ್ಟ ಹುಳು. ಸೈಟಿನ ಯಜಮಾನರಿಗಿಂತ ಅದೇ ವಾಸಿ. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಒಂದು ಅಧ್ಯಯನದಲ್ಲಿ ಮೂಗಿನ ಅಲರ್ಜಿಯವರ ಪೈಕಿ ಶೇ 34 ಮಂದಿಗೆ ಈ ಪರಾಗಕ್ಕೆ ಚರ್ಮಪರೀಕ್ಷೆ ಪಾಸಿಟಿವ್ ಬಂದಿತ್ತು.

ಚರ್ಮಪರೀಕ್ಷೆಯೋ, ರಕ್ತಪರೀಕ್ಷೆಯೋ?

ಮಾತ್ರೆ, ಸ್ಪ್ರೇ ಶುರು ಮಾಡುವುದಕ್ಕೆ ಯಾವ ಪರೀಕ್ಷೆಯೂ ಬೇಕಾಗಿಲ್ಲ. ಲಕ್ಷಣ ಕೇಳಿ, ಮೂಗು ನೋಡಿ ಡಾಕ್ಟ್ರು ಕೊಡಬಹುದು. ಪರೀಕ್ಷೆ ಬೇಕಾಗುವುದು ಔಷಧಿಗೆ ಬಗ್ಗದಿದ್ದಾಗ, ಇಲ್ಲವೇ ಅಲರ್ಜಿ ಇಂಜೆಕ್ಷನ್ನಿನ ಯೋಚನೆ ಇದ್ದಾಗ.

ಆಗ ನನ್ನ ಆಯ್ಕೆ ಚರ್ಮಪರೀಕ್ಷೆ. ಮುಂಗೈ ಮೇಲೆ ಸಾಲಾಗಿ ಹನಿ ಇಟ್ಟು ಸೂಜಿಯಿಂದ ಮೆಲ್ಲಗೆ ಚುಚ್ಚುತ್ತಾರೆ, ಕಾಲು ಗಂಟೆ ಕಾಯುತ್ತಾರೆ, ಮೂರು ಮಿಲಿಮೀಟರ್‌ಗಿಂತ ದೊಡ್ಡ ದದ್ದು ಎದ್ದರೆ ಪಾಸಿಟಿವ್. ನನ್ನ ಕೈ ಮೇಲೆ ಕಾಂಗ್ರೆಸ್ ಗಿಡದ ಹನಿ ಇಟ್ಟ ಜಾಗದಲ್ಲಿ ಸೊಳ್ಳೆ ಕಚ್ಚಿದ ದದ್ದಿನಂಥದು ಎದ್ದು ಅಂಚೆಲ್ಲ ಕೆಂಪಾಯಿತು, ಗರಿಕೆಗೆ ಅದರ ಅರ್ಧ, ಜೋಳಕ್ಕೆ ಏನೂ ಇಲ್ಲ. ಕಣ್ಣೆದುರೇ ಉತ್ತರ. ತೊಡಕು ಒಂದೇ: ಐದರಿಂದ ಏಳು ದಿನ ಮುಂಚೆ ಅಲರ್ಜಿ ಮಾತ್ರೆ ನಿಲ್ಲಿಸಬೇಕು. ನಿಲ್ಲಿಸಲಾಗದವರಿಗೆ, ಮೈತುಂಬ ಚರ್ಮರೋಗ ಇರುವವರಿಗೆ ರಕ್ತದಲ್ಲಿ ಆಯಾ ಪರಾಗದ ವಿರುದ್ಧ ಮೈ ಮಾಡಿಕೊಂಡ ಐಜಿಇ ಎಂಬ ಪ್ರತಿಕಾಯ ನೋಡುವ ಪರೀಕ್ಷೆ ಸರಿ. ದುಡ್ಡು ಜಾಸ್ತಿ, ಉತ್ತರಕ್ಕೆ ಕೆಲವು ದಿನ ಕಾಯಬೇಕು.

'ಫುಲ್ ಅಲರ್ಜಿ ಪ್ಯಾನೆಲ್' ಎಂದು ನೂರಾರು ಹೆಸರಿನ ಪಟ್ಟಿ ಕೊಡುವ ರಕ್ತಪರೀಕ್ಷೆಯ ಸಹವಾಸ ಮಾತ್ರ ಬೇಡ. ನನ್ನ ಸಹೋದ್ಯೋಗಿಯೊಬ್ಬರು ಅಂಥದೊಂದು ಮಾಡಿಸಿ ಬದನೆಕಾಯಿ, ಹೆಸರುಕಾಳು, ಮೊಸರು ಬಿಟ್ಟರು. ಸೀನು ಬಿಡಲಿಲ್ಲ. ರಕ್ತದಲ್ಲಿ ಗುರುತು ಕಾಣುವುದು ಬೇರೆ, ಅದರಿಂದ ತೊಂದರೆಯಾಗುವುದು ಬೇರೆ. ಹುಲ್ಲಿನ ಪರಾಗ ಆಗದವರು ಮುದ್ದೆ ಬಿಡಬೇಕೇ ಎಂದು ಕೇಳುವವರಿದ್ದಾರೆ. ಸಸ್ಯಶಾಸ್ತ್ರದ ಪ್ರಕಾರ ಗರಿಕೆಯೂ ರಾಗಿಯೂ ಹತ್ತಿರದ ನೆಂಟರು ಅನ್ನುವುದು ನಿಜ. ಆದರೆ ನಾವು ಉಣ್ಣುವುದು ರಾಗಿಯ ಪರಾಗವನ್ನಲ್ಲ. ಮುದ್ದೆ ಧಾರಾಳವಾಗಿ ಉಣ್ಣಿ.

ಮಾತ್ರೆಗಳೊಳಗೇ ಯಾವುದು?

ಮೆಡಿಕಲ್ ಸ್ಟೋರಿನಲ್ಲಿ 'ಸೀನಿಗೆ ಒಂದು ಮಾತ್ರೆ' ಎಂದರೆ ಮೂರು ಬಗೆ ಸಿಗುತ್ತವೆ.

ಒಂದು, ಹಳೇ ತಲೆಮಾರಿನವು: ಅವಿಲ್, ಸಿಪಿಎಂ (ಕ್ಲೋರ್‌ಫೆನಿರಮೈನ್), ಮತ್ತು ಸಿಪಿಎಂ ಬೆರೆಸಿದ ನೂರೆಂಟು 'ಕೋಲ್ಡ್' ಮಾತ್ರೆಗಳು. ಇವು ಮೆದುಳಿಗೂ ಹೋಗುತ್ತವೆ. ತೂಕಡಿಕೆ, ಬಾಯಿ ಒಣಗುವುದು, ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುವುದು. ಕೋಲ್ಡ್ ಮಾತ್ರೆಗಳಲ್ಲಿ ಮೂಗು ಬಿಡಿಸಲೆಂದು ಸೇರಿಸಿರುವ ಫಿನೈಲ್‌ಎಫ್ರಿನ್ ನುಂಗಿದರೆ ಮೂಗಿಗೆ ಉಪಯೋಗವೇ ಇಲ್ಲ ಎಂದು 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಒಮ್ಮತದಿಂದ ಹೇಳಿತು. ಜ್ವರವಿಲ್ಲದ ಸೀನಿಗೆ ಜೊತೆಯ ಪ್ಯಾರಾಸಿಟಮಾಲ್ ಕೂಡ ದಂಡ. ಈ ಗುಂಪು ಪೂರ್ತಿ ಬಿಡಿ.

ಎರಡು, ಸೆಟ್ರಿಜಿನ್ ಮತ್ತು ಅದರ ತಮ್ಮ ಲಿವೊಸೆಟ್ರಿಜಿನ್. ಅಗ್ಗ, ಒಂದು ಗಂಟೆಯೊಳಗೆ ಕೆಲಸ ಶುರು, ಇಡೀ ದಿನ ತಡೆಯುತ್ತದೆ. ಆದರೆ ಕೆಲವರಿಗೆ ಇದೂ ನಿದ್ದೆ ತರಿಸುತ್ತದೆ. ನನಗಂತೂ ಮೊದಲ ಪಿರಿಯಡ್ಡಿನಲ್ಲಿ ಮಕ್ಕಳಿಗಿಂತ ಮುಂಚೆ ನಾನೇ ಆಕಳಿಸುತ್ತಿದ್ದೆ. ರಾತ್ರಿ ಊಟವಾದ ಮೇಲೆ ತೆಗೆದುಕೊಂಡರೆ ಬಹಳಷ್ಟು ಜನಕ್ಕೆ ಹೊಂದುತ್ತದೆ.

ಮೂರು, ಫೆಕ್ಸೊಫೆನಾಡಿನ್, ಬಿಲಾಸ್ಟಿನ್, ಲೊರಾಟಡಿನ್. ತೂಕಡಿಕೆ ಇಲ್ಲವೆನ್ನುವಷ್ಟು ಕಡಿಮೆ. ಬೆಲೆ ಸೆಟ್ರಿಜಿನ್ನಿನ ಹಲವು ಪಟ್ಟು. ಬಸ್ಸು, ಲಾರಿ ಓಡಿಸುವವರು, ಪರೀಕ್ಷೆಗೆ ಓದುವ ಮಕ್ಕಳು, ಯಂತ್ರದ ಮುಂದೆ ನಿಲ್ಲುವವರು ಇದಕ್ಕೇ ದುಡ್ಡು ಹಾಕಬೇಕು. ಇವುಗಳಲ್ಲಿ ಒಂದು ಸೂಕ್ಷ್ಮವಿದೆ, ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಬಿಲಾಸ್ಟಿನ್ನನ್ನು ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ಆದಮೇಲೆ ನುಂಗಬೇಕು. ಫೆಕ್ಸೊಫೆನಾಡಿನ್ನನ್ನು ಕಿತ್ತಳೆ, ಸೇಬಿನ ಜ್ಯೂಸಿನ ಜೊತೆ ನುಂಗಿದರೆ ಮೈಗೆ ಹತ್ತುವುದೇ ಕಡಿಮೆ. ನೀರಿನಲ್ಲಿ ನುಂಗಿ.

ಮಾತ್ರೆಯೋ, ಸ್ಪ್ರೇಯೋ?

ಇದೇ ಮುಖ್ಯ ಪ್ರಶ್ನೆ. ಉತ್ತರ ನಿಮ್ಮ ಮೂಗು ಸೋರುತ್ತದೋ ಕಟ್ಟುತ್ತದೋ ಅನ್ನುವುದರಲ್ಲಿದೆ.

ಪರಾಗ ಮೂಗಿನ ಒಳಪದರಕ್ಕೆ ತಾಗಿದೊಡನೆ ಅಲ್ಲಿನ ಕೆಲವು ಕೋಶಗಳು ಹಿಸ್ಟಮಿನ್ ಚೆಲ್ಲುತ್ತವೆ. ಕೆರೆತ, ಸೀನು, ನೀರು ಇಳಿಯುವುದು ಅದರಿಂದ. ಮಾತ್ರೆ ತಡೆಯುವುದು ಇಷ್ಟನ್ನು. ಆದರೆ ನಾಲ್ಕೈದು ಗಂಟೆ ಕಳೆದ ಮೇಲೆ ಎರಡನೇ ಪಡೆ ಬರುತ್ತದೆ: ರಕ್ತದ ಬಿಳಿಕಣಗಳು ಬಂದು ಕೂತು ಒಳಪದರ ಊದಿಕೊಳ್ಳುತ್ತದೆ, ಮೂಗು ಕಟ್ಟುತ್ತದೆ, ವಾಸನೆ ಹೋಗುತ್ತದೆ, ರಾತ್ರಿ ಬಾಯಲ್ಲಿ ಉಸಿರಾಡಿ ಬೆಳಿಗ್ಗೆ ಗಂಟಲು ಒಣಗಿರುತ್ತದೆ. ಈ ಊತಕ್ಕೆ ಮಾತ್ರೆ ಹೆಚ್ಚೇನೂ ಮಾಡಲಾರದು. ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಥರದ ಸ್ಟಿರಾಯ್ಡ್ ಸ್ಪ್ರೇ ಎರಡನ್ನೂ ಹಿಡಿಯುತ್ತದೆ, ಕಣ್ಣಿನ ಕೆರೆತವನ್ನೂ ಸ್ವಲ್ಪ ತಗ್ಗಿಸುತ್ತದೆ. 2017ರಲ್ಲಿ ಅಮೆರಿಕದ ಅಲರ್ಜಿ ತಜ್ಞರ ಜಂಟಿ ಕಾರ್ಯಪಡೆ ಹನ್ನೆರಡು ವರ್ಷ ದಾಟಿದವರಿಗೆ ಮೊದಲು ಸ್ಟಿರಾಯ್ಡ್ ಸ್ಪ್ರೇ ಒಂದನ್ನೇ ಕೊಡಿ, ಜೊತೆಗೆ ಮಾತ್ರೆ ಸೇರಿಸಿದರೆ ಹೆಚ್ಚಿನ ಲಾಭ ಇಲ್ಲ ಎಂದಿತು. ನಮ್ಮ ಚೀಟಿಗಳಲ್ಲಿ ಸಾಮಾನ್ಯವಾಗಿ ಎರಡೂ ಇರುತ್ತವೆ.

ಹಾಗಿದ್ದೂ ಜನ ಸ್ಪ್ರೇ ಬಿಡುವುದಕ್ಕೆ ಎರಡು ಕಾರಣ. ಮೊದಲನೆಯದು ಆತುರ. ಮಾತ್ರೆ ಗಂಟೆಯಲ್ಲಿ ಕೇಳುತ್ತದೆ. ಸ್ಪ್ರೇಗೆ ಸ್ವಲ್ಪ ಆರಾಮ ಕಾಣಲು ಅರ್ಧ ದಿನ, ಪೂರ್ತಿ ಕೆಲಸಕ್ಕೆ ಒಂದೆರಡು ವಾರ. ಮೂರು ದಿನ ಹೊಡೆದು 'ಏನೂ ಆಗಲಿಲ್ಲ ಸಾರ್' ಎಂದು ಎತ್ತಿಡುವವರೇ ಹೆಚ್ಚು. ಎರಡನೆಯದು 'ಸ್ಟಿರಾಯ್ಡ್' ಅನ್ನುವ ಪದ. ನಮ್ಮಮ್ಮನಿಗೆ ಈ ಪದ ಕೇಳಿದರೆ ಸಾಕು, ಮುಖ ಊದುತ್ತೆ, ಮೂಳೆ ಸವೆಯುತ್ತೆ, ಬೇಡ ಕಣೋ ಅನ್ನುತ್ತಾರೆ. ಅವರು ಹೇಳುವುದು ವರ್ಷಗಟ್ಟಲೆ ನುಂಗುವ ಸ್ಟಿರಾಯ್ಡ್ ಮಾತ್ರೆಯ ಕಥೆ. ಮೂಗಿಗೆ ಹೊಡೆದ ಫ್ಲುಟಿಕಾಸೋನ್, ಮೊಮೆಟಾಸೋನ್‌ನಲ್ಲಿ ರಕ್ತಕ್ಕೆ ಸೇರುವುದು ಶೇ 2ಕ್ಕಿಂತ ಕಡಿಮೆ. ಬುಡೆಸೊನೈಡ್ ಇನ್ನೂ ಹೆಚ್ಚು ಸೇರುತ್ತದೆ, ಆದರೆ ಗರ್ಭಿಣಿಯರಲ್ಲಿ ಬಳಸಿದ ಅನುಭವ ಅದರದ್ದೇ ಹೆಚ್ಚಿರುವುದರಿಂದ ಅಂಥವರಿಗೆ ಡಾಕ್ಟ್ರು ಅದನ್ನೇ ಬರೆಯುವುದುಂಟು. ಗ್ಲಾಕೋಮಾ ಇರುವವರು ಕಣ್ಣಿನ ಡಾಕ್ಟ್ರಿಗೆ ಹೇಳಿಯೇ ಬಳಸಬೇಕು. ಮಕ್ಕಳಿಗೆ ದೀರ್ಘಕಾಲ ಕೊಡುವುದಾದರೆ ಎತ್ತರ ಅಳೆಯುತ್ತಿರಬೇಕು. ಇಷ್ಟು ಎಚ್ಚರ ಸಾಕು.

ನಿಜವಾಗಿ ಆಗಾಗ ಆಗುವ ತೊಂದರೆ ಮೂಗಿನಲ್ಲಿ ರಕ್ತ. ಅದು ಬಹುಪಾಲು ಹೊಡೆಯುವ ರೀತಿ ತಪ್ಪಿದ್ದರಿಂದ. ನಾನೂ ಎರಡು ವರ್ಷ ತಪ್ಪಾಗಿಯೇ ಹೊಡೆದೆ: ತಲೆ ಹಿಂದಕ್ಕೆ ಎತ್ತಿ, ನಳಿಕೆಯನ್ನು ನೆಟ್ಟಗೆ ಮೇಲಕ್ಕೆ ತೂರಿ, ಸೊರ್ ಎಂದು ಎಳೆದು. ಔಷಧಿಯೆಲ್ಲ ಗಂಟಲಿಗೆ ಇಳಿದು ಹೊಟ್ಟೆ ಸೇರುತ್ತಿತ್ತು. ಕೊನೆಗೆ ನಮ್ಮ ಇಎನ್‌ಟಿ ಡಾಕ್ಟ್ರು 'ನನ್ನೆದುರಿಗೆ ಒಂದ್ಸಲ ಹೊಡೀರಿ ಮೇಷ್ಟ್ರೇ' ಎಂದರು, ನೋಡಿ ನಕ್ಕರು. ಸರಿಯಾದ ಕ್ರಮ ಹೀಗೆ: ಮೂಗು ಸೀದಿ, ಬಾಟಲಿ ಅಲ್ಲಾಡಿಸಿ, ತಲೆಯನ್ನು ಕೊಂಚ ಮುಂದಕ್ಕೆ ಬಾಗಿಸಿ. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ಆಗ ನಳಿಕೆ ತಾನಾಗಿ ಮೂಗಿನ ನಡುಗೋಡೆ ಬಿಟ್ಟು ಕಿವಿಯ ಕಡೆಗೆ ತಿರುಗುತ್ತದೆ. ಒತ್ತಿ, ಮೆಲ್ಲಗೆ ಉಸಿರೆಳೆಯಿರಿ, ಮಲ್ಲಿಗೆ ಮೂಸುವಷ್ಟು ಮಾತ್ರ. ಗಂಟಲಿನಲ್ಲಿ ಔಷಧಿಯ ರುಚಿ ಹತ್ತಿತೆಂದರೆ ಜೋರಾಗಿ ಎಳೆದಿದ್ದೀರಿ.

ದುಡ್ಡಿನ ಲೆಕ್ಕದಲ್ಲೂ ಸ್ಪ್ರೇ ಕಾಣುವಷ್ಟು ದುಬಾರಿಯಲ್ಲ. ಬಾಟಲಿಗೆ ಸಾಮಾನ್ಯವಾಗಿ 120 ಒತ್ತು. ಶುರುವಿನಲ್ಲಿ ದಿನಕ್ಕೆ ಹೊಳ್ಳೆಗೆ ಎರಡರಂತೆ ಒಂದು ತಿಂಗಳು. ಹಿಡಿತಕ್ಕೆ ಬಂದ ಮೇಲೆ ಡಾಕ್ಟ್ರು ಒಂದಕ್ಕೆ ಇಳಿಸಿದರೆ ಎರಡು ತಿಂಗಳು. ಜನೌಷಧಿ ಅಂಗಡಿಯಲ್ಲಿ ಸಿಕ್ಕರೆ ಇನ್ನೂ ಅಗ್ಗ.

ಸ್ಟಿರಾಯ್ಡ್ ಒಂದರಲ್ಲೇ ಹಿಡಿತ ಸಿಗದವರಿಗೆ ಅಜೆಲಾಸ್ಟಿನ್ ಮತ್ತು ಫ್ಲುಟಿಕಾಸೋನ್ ಬೆರೆಸಿದ ಸ್ಪ್ರೇ ಇದೆ. ಅರ್ಧ ಗಂಟೆಯೊಳಗೆ ಕೇಳುತ್ತದೆ, ಒಂಟಿ ಸ್ಪ್ರೇಗಿಂತ ಬಲ ಹೆಚ್ಚು. ಬಾಯೆಲ್ಲ ಕಹಿ, ಹಾಗಲಕಾಯಿ ಜಗಿದಂತೆ. ನಾನು ಸೆಪ್ಟೆಂಬರ್‌ನಲ್ಲಿ ಮೂರ್ನಾಲ್ಕು ವಾರ ಇದನ್ನು ಬಳಸುತ್ತೇನೆ, ಆ ಕಹಿಯನ್ನು ಸಹಿಸಿಕೊಂಡು.

ಹಾಗಾದರೆ ಮಾತ್ರೆ ಯಾರಿಗೆ? ವರ್ಷಕ್ಕೆ ನಾಲ್ಕಾರು ದಿನ ಸೀನುವವರಿಗೆ, ಮೂಗು ಕಟ್ಟದೆ ಬರೀ ಸೋರುವವರಿಗೆ, ಹಬ್ಬಕ್ಕೆ ಊರಿಗೆ ಹೋಗಿ ಹೊಲದಲ್ಲಿ ಸುತ್ತುವವರಿಗೆ. ಅಂಥವರು ಹೊರಡುವ ಒಂದೆರಡು ಗಂಟೆ ಮುಂಚೆ ನುಂಗಿದರೆ, ಸೀನು ಶುರುವಾದ ಮೇಲೆ ನುಂಗಿದ್ದಕ್ಕಿಂತ ಚೆನ್ನಾಗಿ ಕೇಳುತ್ತದೆ. ಕಣ್ಣೇ ಮುಖ್ಯ ತೊಂದರೆಯಾದರೆ ಮಾತ್ರೆಯನ್ನೂ ಸ್ಪ್ರೇಯನ್ನೂ ಬಿಟ್ಟು ಓಲೊಪಟಡಿನ್ ಹನಿ ಕೇಳಿ ನೋಡಿ.

ಥಟ್ಟನೆ ಮೂಗು ಬಿಡಿಸುವ ಡ್ರಾಪ್ಸ್

ಇದರಲ್ಲಿ ನನ್ನದೊಂದು ಕರ್ಮಕಥೆ ಇದೆ. ಒಂದು ಮಳೆಗಾಲದಲ್ಲಿ ಅಂಗಡಿಯೊಂದರಲ್ಲಿ ಕೇಳಿ ಕ್ಸೈಲೊಮೆಟಾಜೊಲಿನ್ ಡ್ರಾಪ್ಸ್ ತಂದೆ. ಐದು ನಿಮಿಷದಲ್ಲಿ ಮೂಗು ಗೊಮ್ಮಟಗಿರಿಯ ಗಾಳಿ ನುಗ್ಗಿದ ಹಾಗೆ ತೆರೆದುಕೊಂಡಿತು. ಸ್ವರ್ಗ. ವಾರ ಕಳೆದ ಮೇಲೆ ರಾತ್ರಿ ಎರಡಕ್ಕೆ ಎದ್ದು ಮತ್ತೆ ಹಾಕಬೇಕಾಯಿತು, ತಿಂಗಳಾಗುವಾಗ ದಿನಕ್ಕೆ ಆರು ಸಲ. ಜೇಬಿನಲ್ಲಿ ಒಂದು, ಸ್ಟಾಫ್ ರೂಮಿನ ಡ್ರಾಯರಿನಲ್ಲಿ ಒಂದು, ತಲೆದಿಂಬಿನ ಕೆಳಗೆ ಒಂದು ಬಾಟಲಿ. ಮೂಗು ಈಗ ಪರಾಗಕ್ಕೆ ಕಟ್ಟುತ್ತಿರಲಿಲ್ಲ, ಡ್ರಾಪ್ಸಿನ ಪ್ರಭಾವ ಇಳಿದೊಡನೆ ಕಟ್ಟುತ್ತಿತ್ತು. ಬಿಡಿಸಿಕೊಳ್ಳಲು ಸ್ಟಿರಾಯ್ಡ್ ಸ್ಪ್ರೇ ಹಿಡಿದು ಎರಡು ವಾರ ಕೂತೇ ನಿದ್ದೆ ಮಾಡಿದೆ. ಮೂರು ದಿನ, ಹೆಚ್ಚೆಂದರೆ ಐದು ದಿನ. ಅದರ ಮೇಲೆ ಬೇಡ. ಬಿಪಿ ಇರುವವರಿಗೆ ಅಷ್ಟೂ ಬೇಡ.

ಆಸ್ತಮಾಕ್ಕೂ ಕೊಡುವ ಮಾಂಟೆಲುಕಾಸ್ಟ್ ಎಂಬ ಔಷಧಿ ಬೆರೆಸಿದ ಮಾತ್ರೆಯ ಬಗ್ಗೆ ಎರಡು ಮಾತು, ಏಕೆಂದರೆ ನಮ್ಮಲ್ಲಿ ಅದನ್ನು ಕಡಲೆಪುರಿಯ ಹಾಗೆ ಕೊಡುತ್ತಾರೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದರ ಮೇಲೆ ಅತಿ ಗಂಭೀರ ಎಚ್ಚರಿಕೆ ಅಂಟಿಸಿತು: ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದು, ಬರೀ ಮೂಗಿನ ಅಲರ್ಜಿಗಾದರೆ ಬೇರೆಯದು ಕೇಳದಿದ್ದಾಗ ಮಾತ್ರ ಕೊಡಿ ಎಂದು. ಮಗು ಇದನ್ನು ಶುರು ಮಾಡಿದ ಮೇಲೆ ರಾತ್ರಿ ಬೆಚ್ಚಿ ಏಳುತ್ತಿದ್ದರೆ, ಸಿಡುಕು ಜಾಸ್ತಿಯಾಗಿದ್ದರೆ ಡಾಕ್ಟ್ರಿಗೆ ಹೇಳಿ. ಆಸ್ತಮಾ ಇರುವವರು ತಾವಾಗಿ ನಿಲ್ಲಿಸಬೇಡಿ.

ಇನ್ನು 'ಒಂದು ಇಂಜೆಕ್ಷನ್ ಹಾಕಿಸ್ಕೊಳ್ಳಿ, ಸೀಸನ್ ಪೂರ್ತಿ ನಿರಾಳ' ಎಂದು ಸೊಂಟಕ್ಕೆ ಚುಚ್ಚುವವರಿದ್ದಾರೆ. ಅದು ವಾರಗಟ್ಟಲೆ ಮೈಯಲ್ಲಿ ಉಳಿಯುವ ಸ್ಟಿರಾಯ್ಡ್. ಸಕ್ಕರೆ ಏರುತ್ತದೆ, ಚುಚ್ಚಿದ ಜಾಗದಲ್ಲಿ ಗುಳಿ ಬೀಳುತ್ತದೆ, ಮೈಯ ಸ್ವಂತ ಸ್ಟಿರಾಯ್ಡ್ ತಯಾರಿಕೆ ಮಂಕಾಗುತ್ತದೆ. ನಮ್ಮಮ್ಮ ಹೆದರಬೇಕಾದದ್ದು ಇದಕ್ಕೆ.

ನೇತಿ, ಮಾಸ್ಕು, ಕಳೆ ಕೀಳುವುದು

ಉಪ್ಪುನೀರಿನಲ್ಲಿ ಮೂಗು ತೊಳೆಯುವ ಜಲನೇತಿ ಔಷಧಿಯ ಬದಲಿಗಲ್ಲ, ಜೊತೆಗೆ. ಸಂಜೆ ಮನೆಗೆ ಬಂದು ತೊಳೆದರೆ ಅಂಟಿಕೊಂಡ ಪರಾಗ ಹೋಗುತ್ತದೆ, ಹತ್ತು ನಿಮಿಷ ಬಿಟ್ಟು ಹೊಡೆದ ಸ್ಪ್ರೇ ಚೆನ್ನಾಗಿ ತಾಗುತ್ತದೆ. ಅರ್ಧ ಲೀಟರ್ ನೀರಿಗೆ ಮುಕ್ಕಾಲು ಟೀ ಚಮಚ ಉಪ್ಪು. ನಲ್ಲಿ ನೀರು, ಬೋರ್ ನೀರು, ಬಾವಿ ನೀರು ನೇರವಾಗಿ ಖಂಡಿತ ಬೇಡ. ಕುದಿಸಿ ಆರಿಸಿದ್ದೇ ಆಗಬೇಕು. ಕೇರಳದಲ್ಲಿ 2024, 2025ರಲ್ಲಿ ಸುದ್ದಿಯಾದ ಮೆದುಳಿನ ಅಮೀಬಾ ಸೋಂಕು ನೆನಪಿರಬಹುದು. ಆ ಅಮೀಬಾದ ದಾರಿಯೇ ಮೂಗು.

ಮಾಸ್ಕಿನ ವಿಚಾರದಲ್ಲಿ ಎನ್95 ಬೇಕೇ ಎಂದು ಕೇಳುತ್ತಾರೆ. ಹುಲ್ಲಿನ ಪರಾಗ ಸುಮಾರು 20ರಿಂದ 40 ಮೈಕ್ರಾನ್, ಕಾಂಗ್ರೆಸ್ ಗಿಡದ್ದು ಅದಕ್ಕಿಂತ ಸಣ್ಣದು, ಆದರೂ ಹೊಗೆಯ ಕಣಕ್ಕಿಂತ ಬಹಳ ದೊಡ್ಡದು. ಮುಖಕ್ಕೆ ಸರಿಯಾಗಿ ಕೂರುವ ಸಾದಾ ಸರ್ಜಿಕಲ್ ಮಾಸ್ಕೇ ಸಾಕು. ಸ್ಕೂಟರಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿ. ಒಗೆದ ಬಟ್ಟೆ, ಅದರಲ್ಲೂ ಹಾಸಿಗೆಯ ಹೊದಿಕೆ, ಸೀಸನ್ನಿನಲ್ಲಿ ತಾರಸಿಯ ಮೇಲೆ ಒಣಹಾಕಬೇಡಿ. ರಾತ್ರಿ ತಲೆಗೂದಲಿಗೆ ನೀರು ಬಿದ್ದರೆ ದಿಂಬಿಗೆ ಪರಾಗ ಹೋಗುವುದಿಲ್ಲ.

ಕಳೆ ಕೀಳುವುದಾದರೆ ಹೂ ಬರುವ ಮುಂಚೆ, ನೆಲ ಹಸಿಯಿರುವಾಗ, ಕೈಗವಸು ಹಾಕಿ. ಅಲರ್ಜಿ ಇರುವವರು ತಾವು ಕೀಳದೆ ಬೇರೆಯವರಿಂದ ಮಾಡಿಸಿ. ಬೇಸಾಯ ಮಾಡದ ಜಾಗಕ್ಕೆ ಶೇ 15ರಿಂದ 20ರ ಉಪ್ಪಿನ ದ್ರಾವಣ ಬಿಸಿಲಿನ ದಿನ ಹೊಡೆದರೂ ಗಿಡ ಸಾಯುತ್ತದೆ. ಕಾಂಗ್ರೆಸ್ ಗಿಡ ಕಿತ್ತು ಕಿತ್ತು ಕಣ್ಣರೆಪ್ಪೆ, ಕತ್ತು, ಮೊಣಕೈ ಮಡಿಕೆಯಲ್ಲಿ ಚರ್ಮ ದಪ್ಪಗಟ್ಟಿ ಕೆರೆಯುವ ರೈತರಿದ್ದಾರೆ. ಅದು ಮೂಗಿನ ಅಲರ್ಜಿಯಲ್ಲ, ಬೇರೆಯೇ ದಾರಿಯ ಚರ್ಮದ ಅಲರ್ಜಿ. ಸೆಟ್ರಿಜಿನ್ ನುಂಗಿ ಕಾಯಬೇಡಿ, ಚರ್ಮದ ಡಾಕ್ಟ್ರ ಹತ್ತಿರ ಹೋಗಿ.

ವರ್ಷಗಟ್ಟಲೆಯ ಇಂಜೆಕ್ಷನ್: ಯಾರಿಗೆ ಲಾಭ?

ಅಲರ್ಜಿ ಇಂಜೆಕ್ಷನ್ನಿನ ಬೇರು ಹುಲ್ಲಿನ ಪರಾಗದಲ್ಲೇ ಇದೆ. 1911ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ನೂನ್ ಎಂಬ ವೈದ್ಯ ಹುಲ್ಲಿನ ಪರಾಗದ ಸಾರವನ್ನು ಚೂರುಚೂರೇ ಹೆಚ್ಚಿಸುತ್ತ ರೋಗಿಗಳಿಗೆ ಚುಚ್ಚಿದ. ನೂರು ವರ್ಷದ ಮೇಲೂ ಉಪಾಯ ಅದೇ: ಮೈಗೆ ಶತ್ರುವನ್ನು ಸ್ವಲ್ಪಸ್ವಲ್ಪವೇ ಅಭ್ಯಾಸ ಮಾಡಿಸುವುದು. ಮೊದಲು ಕೆಲವು ತಿಂಗಳು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಒಟ್ಟು ಮೂರರಿಂದ ಐದು ವರ್ಷ. ಮಾತ್ರೆ, ಸ್ಪ್ರೇ ನಿಲ್ಲಿಸಿದರೆ ಲಕ್ಷಣ ಮರಳುತ್ತದೆ. ಇಂಜೆಕ್ಷನ್ ಮುಗಿದ ಮೇಲೂ ವರ್ಷಗಟ್ಟಲೆ ಫಲ ಉಳಿಯುವುದುಂಟು. ಲಕ್ಷಣವನ್ನಷ್ಟೇ ತಗ್ಗಿಸುವ ಔಷಧಿಗಳಿಗೆ ಈ ಗುಣವಿಲ್ಲ.

ಆದರೆ ಇಲ್ಲಿ ನಮ್ಮ ನೆಲದ ಒಂದು ತೊಡಕಿದೆ. ಯುರೋಪ್, ಅಮೆರಿಕದಲ್ಲಿ ನಾಲಿಗೆಯ ಕೆಳಗಿಡುವ ಹುಲ್ಲಿನ ಮಾತ್ರೆಗಳಿವೆ. ಅವು ಟಿಮೊಥಿ ಮೊದಲಾದ ಚಳಿನಾಡಿನ ಹುಲ್ಲಿನವು. ನಮ್ಮ ಗರಿಕೆ ಬೇರೆ ಉಪಕುಟುಂಬದ್ದು. ಟಿಮೊಥಿಯ ಅಭ್ಯಾಸದಿಂದ ಗರಿಕೆಯ ಕಾಟ ಅಷ್ಟಾಗಿ ನಿಲ್ಲುವುದಿಲ್ಲ. ವಿದೇಶದಿಂದ ಯಾರಾದರೂ ತಂದುಕೊಡುತ್ತೇನೆಂದರೆ ಬೇಡ ಅನ್ನಿ. ಇಂಜೆಕ್ಷನ್ನಿನಲ್ಲಿ ಗರಿಕೆಯ ಬಲ ಅಳೆದು ಪ್ರಮಾಣೀಕರಿಸಿದ ಸಾರ ಅಮೆರಿಕದಲ್ಲಿದೆ. ಕಾಂಗ್ರೆಸ್ ಗಿಡಕ್ಕೆ ಅಂಥದ್ದಿಲ್ಲ. ಹಾಗಾಗಿ ಇಲ್ಲಿ ಶುರು ಮಾಡುವ ಮುಂಚೆ ತಜ್ಞರನ್ನು ನೇರವಾಗಿ ಕೇಳಿ: ಯಾವ ಪರಾಗ, ಒಂದು ಬಾಟಲಿಯಲ್ಲಿ ಎಷ್ಟು ಬಗೆ, ಒಂದು ವರ್ಷದಲ್ಲಿ ಫಲ ಕಾಣದಿದ್ದರೆ ಮುಂದೇನು. ಪಾಸಿಟಿವ್ ಬಂದ ಹತ್ತು ಹೆಸರನ್ನೆಲ್ಲ ಸೇರಿಸಿ ಭೇಲ್‌ಪುರಿ ಮಾಡಿ ಕೊಡುವುದಾದರೆ ನಾನಂತೂ ಎದ್ದು ಬರುತ್ತೇನೆ. ಪ್ರತಿಯೊಂದರ ಪ್ರಮಾಣವೂ ಕೆಲಸಕ್ಕೆ ಬಾರದಷ್ಟು ತೆಳುವಾಗುತ್ತದೆ.

ಚುಚ್ಚಿಸಿಕೊಂಡ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಮೈ ತೀವ್ರವಾಗಿ ತಿರುಗಿಬಿದ್ದರೆ ಕೊಡುವ ಅಡ್ರಿನಲಿನ್ ಕೈಗೆ ಸಿಗುವಂತಿರಬೇಕು. ಆಸ್ತಮಾ ಹಿಡಿತದಲ್ಲಿಲ್ಲದವರು ಶುರು ಮಾಡಬಾರದು. ಗರ್ಭಿಣಿಯರು ಹೊಸದಾಗಿ ಶುರು ಮಾಡುವುದಿಲ್ಲ. ಬಿಪಿಗೆ ಬೀಟಾ ಬ್ಲಾಕರ್ ತೆಗೆದುಕೊಳ್ಳುವವರು ಮೊದಲೇ ತಿಳಿಸಬೇಕು. ಯಾರಿಗೆ ಲಾಭ ಅಂದರೆ: ಒಂದೆರಡು ಪರಾಗಕ್ಕೆ ಮಾತ್ರ ಸ್ಪಷ್ಟ ಪಾಸಿಟಿವ್ ಇದ್ದು, ಸ್ಪ್ರೇಯನ್ನು ಸರಿಯಾಗಿ ಹೊಡೆದೂ ಸೋತು, ಐದು ವರ್ಷ ಒಂದೇ ಊರಿನಲ್ಲಿ ಇರುತ್ತೇನೆಂಬ ಭರವಸೆ ಇರುವವರಿಗೆ. ನಾನು ಎರಡು ಸಲ ಯೋಚಿಸಿ ಬಿಟ್ಟೆ. ವರ್ಗಾವಣೆಯ ನೌಕರಿ, ಮತ್ತು ಸ್ಪ್ರೇ ನನಗೆ ಸಾಕಾಗಿತ್ತು.

ಪರದೇಶಕ್ಕೆ ಹೋಗುವ ಮಕ್ಕಳಿಗೆ

ಇಲ್ಲಿ ಕಾಂಗ್ರೆಸ್ ಗಿಡಕ್ಕೆ ಸೀನುತ್ತಿದ್ದ ಹುಡುಗ ಅಮೆರಿಕಕ್ಕೆ ಹೋಗಿ 'ಅಲ್ಲಿ ಆ ಗಿಡ ಕಾಣಲ್ಲ, ಬಚಾವ್' ಅಂದುಕೊಳ್ಳುತ್ತಾನೆ. ಅಲ್ಲಿ ಅದರ ದಾಯಾದಿ ರ್‍ಯಾಗ್‌ವೀಡ್ ಕಾದಿರುತ್ತದೆ. ಎರಡರ ಪರಾಗವೂ ಮೈಗೆ ಒಂದೇ ಥರ ಕಾಣುವಷ್ಟು ಹೋಲುತ್ತವೆ, ಹಾಗಾಗಿ ಮೊದಲ ವರ್ಷವೇ ಆಗಸ್ಟ್ ನಡುವಿನಿಂದ ಮೊದಲ ಹಿಮ ಬೀಳುವವರೆಗೆ ಸೀನು ಹತ್ತಬಹುದು. ಅಲ್ಲಿಯ ಡಾಕ್ಟ್ರಿಗೆ ಪಾರ್ಥೇನಿಯಂ ಎಂಬ ಹೆಸರನ್ನೇ ಹೇಳಬೇಕು.

ಮೆಲ್ಬರ್ನ್‌ಗೆ ಹೋಗುವವರಿಗೆ ಇನ್ನೂ ಗಟ್ಟಿ ಎಚ್ಚರಿಕೆ. 2016ರ ನವೆಂಬರ್ 21ರ ಸಂಜೆ ಅಲ್ಲಿ ಗುಡುಗು ಮಳೆಯ ಗಾಳಿ ರೈ ಹುಲ್ಲಿನ ಪರಾಗವನ್ನು ಚೂರು ಮಾಡಿ ಹರಡಿತು. ಇಡೀ ಪರಾಗ ಮೂಗಿನಲ್ಲೇ ನಿಲ್ಲುತ್ತದೆ, ಚೂರು ಶ್ವಾಸಕೋಶದ ಆಳಕ್ಕಿಳಿಯುತ್ತದೆ. ಸಾವಿರಾರು ಜನ ಉಸಿರು ಸಿಗದೆ ಆಸ್ಪತ್ರೆಗೆ ಓಡಿದರು, ಹತ್ತು ಮಂದಿ ಸತ್ತರು. ತೊಂದರೆಗೆ ಸಿಕ್ಕವರಲ್ಲಿ ಭಾರತ ಉಪಖಂಡದ ಮೂಲದವರು ಅವರ ಜನಸಂಖ್ಯೆಯ ಲೆಕ್ಕಕ್ಕಿಂತ ಹೆಚ್ಚಿದ್ದರು, ಮತ್ತು ಅನೇಕರಿಗೆ ಅದಕ್ಕೂ ಮುಂಚೆ ಆಸ್ತಮಾ ಇದೆಯೆಂದೇ ಗೊತ್ತಿರಲಿಲ್ಲ, ಬರೀ ಮೂಗಿನ ಅಲರ್ಜಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅಲ್ಲಿ ಇರುವವರು ಸ್ಪ್ರೇ ತಪ್ಪಿಸಬಾರದು, ಗುಡುಗಿನ ಮುನ್ಸೂಚನೆ ಇದ್ದ ದಿನ ಕಿಟಕಿ ಮುಚ್ಚಿ ಒಳಗಿರಬೇಕು, ಇನ್‌ಹೇಲರ್ ಬೇಕೇ ಎಂದು ಡಾಕ್ಟ್ರನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಇಲ್ಲೇ ಇರುವವರಿಗೂ ಎದೆ ಬಿಗಿದು ಕುಯ್ ಕುಯ್ ಸದ್ದು ಬಂದರೆ, ಮೆಟ್ಟಿಲು ಹತ್ತುವಾಗ ಕೆಮ್ಮು ಒತ್ತಿದರೆ, ಅದು ಮೂಗಿನ ಮಾತ್ರೆಯಲ್ಲಿ ಮುಗಿಯುವ ಕೆಲಸವಲ್ಲ. ಅದೇ ದಿನ ತೋರಿಸಿ.

ನನ್ನ ಈಗಿನ ಕ್ರಮ ಹೇಳಿ ಮುಗಿಸುತ್ತೇನೆ. ಮೇ ಕೊನೆಯ ವಾರ, ಶಾಲೆ ಶುರುವಾಗುವ ಹೊತ್ತಿಗೆ, ಸ್ಪ್ರೇ ಬಾಟಲಿ ತೆರೆದು ಅದರ ಮೇಲೆ ದಿನಾಂಕ ಬರೆಯುತ್ತೇನೆ. ಪಕ್ಕದ ಸೈಟು ಹೂ ಬಿಡುವ ಮುಂಚೆ ಮೂಗು ತಯಾರಾಗಿರಬೇಕು. ಸಂಜೆ ನೇತಿ, ರಾತ್ರಿ ಸ್ಪ್ರೇ. ಮಾತ್ರೆಯ ಸ್ಟ್ರಿಪ್ಪು ಚೀಲದಲ್ಲಿರುತ್ತದೆ, ಕಳೆದ ಮಳೆಗಾಲದಲ್ಲಿ ನುಂಗಿದ್ದು ಐದು. ಕ್ಯಾಲೆಂಡರಿನಲ್ಲಿ ಸೀನಿದ ದಿನಕ್ಕೆ ಹೆಂಡತಿ ಒಂದು ಚುಕ್ಕೆ ಇಡುತ್ತಾಳೆ. ನವೆಂಬರ್ ಹದಿನೈದರ ಹೊತ್ತಿಗೆ ಚುಕ್ಕೆ ನಿಂತಿತು, ಬಾಟಲಿ ಎತ್ತಿಟ್ಟೆ. ಸೈಟಿನ ಯಜಮಾನರ ಫೋನ್ ನಂಬರ್ ಮಾತ್ರ ಇನ್ನೂ ಸಿಕ್ಕಿಲ್ಲ.